ಸತ್ತು ಸತ್ತು ಪಾಠ ಕಲಿತ ಹುಡುಗಿ

ಈ ವಯಸ್ಸಿನಲ್ಲಿ ಮೇಷ್ಟ್ರಿಗೆ ಕೊಲೆಗಡುಕರ ಸಿನಿಮಾ ಏಕೆ ಬೇಕಾಯಿತು ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸಬಹುದು. ಬೇಕಾಯಿತು, ನೋಡಿದೆ, ಮನಸಾರೆ ನಕ್ಕೆ. ಚಿತ್ರದ ಹೆಸರು ‘ಹ್ಯಾಪಿ ಡೆತ್ ಡೇ’. 2017ರಲ್ಲಿ ತೆರೆಕಂಡ ಅಮೆರಿಕದ ಚಿತ್ರ; ನಿರ್ದೇಶಕರು ಕ್ರಿಸ್ಟೋಫರ್ ಲ್ಯಾಂಡನ್. ಇಂಥ ಚಿತ್ರಗಳೆಲ್ಲ ಎಳೆಯರ ಬುದ್ಧಿಯನ್ನು ಕೆಡಿಸುತ್ತವೆ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದು ನನ್ನ ಅಭಿಪ್ರಾಯ.

ಮುಖವಾಡ ತೊಟ್ಟ ಕೊಲೆಗಾರನೊಬ್ಬನು ಹರೆಯದವರನ್ನು ಒಬ್ಬೊಬ್ಬರನ್ನಾಗಿ ಇರಿದು ಕೊಲ್ಲುವ ಚಿತ್ರಗಳಿಗೆ ‘ಸ್ಲ್ಯಾಷರ್’ ಎಂದು ಹೆಸರು. ಜಾನ್ ಕಾರ್ಪೆಂಟರ್ ಅವರ ‘ಹ್ಯಾಲೋವೀನ್’ (1978), ಅನಂತರದ ‘ಫ್ರೈಡೇ ದ ಥರ್ಟೀನ್ತ್’ (1980) ಈ ಪಂಗಡದ ಹೆಸರಾಂತ ಚಿತ್ರಗಳು. ಇಂಥವುಗಳಲ್ಲಿ ಹೆಚ್ಚಾಗಿ ಒಂದು ಕಟ್ಟಳೆ ಕಾಣುತ್ತದೆ: ಮೋಜಿನಲ್ಲಿ ಮೈಮರೆತವರು ಸಾಯುತ್ತಾರೆ, ಸನ್ನಡತೆಯ ಹುಡುಗಿ ಉಳಿಯುತ್ತಾಳೆ. ವೆಸ್ ಕ್ರೇವನ್ ಅವರ ‘ಸ್ಕ್ರೀಮ್’ (1996) ಚಿತ್ರದಲ್ಲಿ ಒಬ್ಬ ಹುಡುಗ ಈ ಕಟ್ಟಳೆಗಳನ್ನು ಪಾಠದಂತೆ ಒಪ್ಪಿಸಿ ನಗಿಸುತ್ತಾನೆ. ನಡತೆ ತಪ್ಪಿದವರಿಗೆ ಸಾವೇ ಶಿಕ್ಷೆ ಎಂಬ ಆ ನ್ಯಾಯ ನನಗೆ ಎಂದೂ ಒಪ್ಪಿಗೆಯಾಗಿಲ್ಲ.

‘ಹ್ಯಾಪಿ ಡೆತ್ ಡೇ’ ಆ ನ್ಯಾಯವನ್ನೇ ತಲೆಕೆಳಗು ಮಾಡುತ್ತದೆ. ಇದರ ನಾಯಕಿ ಟ್ರೀ ಎಂಬ ಕಾಲೇಜು ವಿದ್ಯಾರ್ಥಿನಿ. ಪಾತ್ರಧಾರಿ ಜೆಸಿಕಾ ರೋಥ್. ಹಳೆಯ ಕಟ್ಟಳೆಯಂತೆ ಮೊದಲು ಸಾಯಬೇಕಾದವಳೇ ಇವಳು. ತಂದೆಯ ಫೋನ್ ಕರೆಗೆ ಉತ್ತರಿಸಳು. ಜೊತೆಗಾರ್ತಿ ಹುಟ್ಟುಹಬ್ಬಕ್ಕೆಂದು ಕೊಟ್ಟ ಪುಟ್ಟ ಕೇಕನ್ನು ಕಸದ ಬುಟ್ಟಿಗೆ ಎಸೆಯುವಳು. ವಿವಾಹಿತ ಅಧ್ಯಾಪಕನೊಡನೆ ಗುಟ್ಟಿನ ಸಂಬಂಧ ಬೇರೆ. ಅದೇ ರಾತ್ರಿ ಮಗುವಿನ ಮುಖವಾಡ ತೊಟ್ಟವರು ಯಾರೋ ಅವಳನ್ನು ಕೊಲ್ಲುತ್ತಾರೆ. ಕಣ್ಣು ಬಿಟ್ಟರೆ ಮತ್ತೆ ಅದೇ ಹುಟ್ಟುಹಬ್ಬದ ಬೆಳಗು! ಸಂಶಯ ಬಂದವರ ಪಟ್ಟಿ ಮಾಡಿ, ದಿನಕ್ಕೊಬ್ಬರ ಬೆನ್ನುಹತ್ತಿ, ಪ್ರತಿ ರಾತ್ರಿ ಸತ್ತು, ಒಂದೊಂದೇ ಹೆಸರನ್ನು ಹೊಡೆದುಹಾಕುವ ಭಾಗದಲ್ಲಿ ನಗು ತಡೆಯಲಾಗದು. ಚಿತ್ರದ ಆರಂಭದಲ್ಲಿ ಯೂನಿವರ್ಸಲ್ ಸಂಸ್ಥೆಯ ಲಾಂಛನವೇ ನಡುವೆ ನಿಂತು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಒಂದೇ ದಿನ ಮರುಕಳಿಸುವ ಕಲ್ಪನೆ 1993ರ ‘ಗ್ರೌಂಡ್‌ಹಾಗ್ ಡೇ’ ಚಿತ್ರದಲ್ಲಿಯೂ ಇದೆ. ಕೊನೆಯಲ್ಲಿ ಗೆಳೆಯನು ಅದನ್ನು ನೆನಪಿಸಿದಾಗ, ಟ್ರೀ ಆ ಚಿತ್ರದ ಹೆಸರನ್ನೇ ಕೇಳಿಲ್ಲ!

ಅಲಂಕಾರಶಾಸ್ತ್ರ ಓದಿದವರಿಗೆ ಇಲ್ಲೊಂದು ಸ್ವಾರಸ್ಯವುಂಟು. ‘ಸಾಹಿತ್ಯದರ್ಪಣ’ವನ್ನು ಬರೆದ ವಿಶ್ವನಾಥನು ಭಯಾನಕ ಮತ್ತು ಕರುಣಗಳನ್ನು ಹಾಸ್ಯಕ್ಕೆ ವಿರೋಧಿ ರಸಗಳೆಂದು ಎಣಿಸುತ್ತಾನೆ. ಈ ಚಿತ್ರದಲ್ಲಿ ಮೂರೂ ಒಂದೇ ಮನೆಯಲ್ಲಿವೆ. ಮೊದಲ ಸಾವು ನಿಜವಾಗಿಯೂ ಅಂಜಿಸುತ್ತದೆ. ಅನಂತರ ನಾಳೆ ಆಕೆ ಎದ್ದೇಳುವಳೆಂದು ನಮಗೆ ಗೊತ್ತಿರುವುದರಿಂದ ಭಯದ ಬಿಗಿ ಸಡಿಲುತ್ತದೆ, ನಗೆಗೆ ಎಡೆ ದೊರೆಯುತ್ತದೆ. ಆದರೆ ಪ್ರತಿ ಸಾವಿನ ಗಾಯವೂ ಆಕೆಯ ದೇಹದೊಳಗೆ ಉಳಿದಿರುವುದನ್ನು ವೈದ್ಯನು ಕಂಡುಹಿಡಿದಾಗ ನಮ್ಮ ನಗು ಅರ್ಧಕ್ಕೆ ನಿಲ್ಲುತ್ತದೆ. ದೊರೆತ ಅವಕಾಶಗಳಿಗೂ ಮಿತಿಯಿದೆ ಎಂದಾಯಿತು.

ಕರುಣರಸ ಬರುವುದು ತಂದೆಯ ಮೂಲಕ. ತಾಯಿ ತೀರಿಕೊಂಡಿದ್ದಾಳೆ, ತಾಯಿ ಮಗಳಿಬ್ಬರದೂ ಒಂದೇ ಹುಟ್ಟುಹಬ್ಬ. ಆ ದಿನ ತಂದೆಯ ಮುಖ ನೋಡುವುದೇ ಆಕೆಗೆ ಅಸಹನೀಯ. ಆಕೆಯ ಒರಟುತನದ ಬೇರು ದುಃಖದಲ್ಲಿತ್ತು. ಒಂದು ದಿನ ಆಕೆ ಹೋಟೆಲಿನಲ್ಲಿ ಕಾದು ಕುಳಿತ ತಂದೆಯ ಎದುರು ಕುಳಿತು ಮನಬಿಚ್ಚಿ ಮಾತನಾಡುತ್ತಾಳೆ. ಮಂದವಾಗಿದ್ದ ನನ್ನ ಕನ್ನಡಕವನ್ನು ಆಗ ಒರೆಸಿಕೊಳ್ಳಬೇಕಾಯಿತು.

ತರಗತಿಯ ಹಿಂದಿನ ಬೆಂಚಿನಲ್ಲಿ ಮುಖ ಗಂಟಿಕ್ಕಿ ಕೂರುತ್ತಿದ್ದ ಎಷ್ಟೋ ಮಕ್ಕಳನ್ನು ಕಂಡವನು ನಾನು. ‘ಉದ್ಧಟ’ ಎಂಬ ಹಣೆಪಟ್ಟಿ ಹಚ್ಚುವುದು ಸುಲಭ. ಮನೆಯಲ್ಲಿ ಏನಾಯಿತೆಂದು ವಿಚಾರಿಸಿ, ಮರುದಿನ ಹೊಸ ಪುಟದಿಂದ ಬರೆಸುವುದು ಶ್ರಮದ ಕೆಲಸ. ಚಾಕು, ಮುಖವಾಡಗಳ ಈ ತಮಾಷೆಯ ಚಿತ್ರ ಆ ಶ್ರಮದ ಪರವಾಗಿ ನಿಂತಿದೆ. ಆದ್ದರಿಂದಲೇ ಇದು ನನಗೆ ಪ್ರಿಯವಾಯಿತು.

ಚಿಕ್ಕಮಕ್ಕಳಿಗೆ ಇದು ತಕ್ಕುದಲ್ಲ. ಅಮೆರಿಕದಲ್ಲಿಯೂ ಇದಕ್ಕೆ ‘ಪಿಜಿ-13’ ಎಂಬ ಎಚ್ಚರಿಕೆಯಿದೆ. ನಿಮ್ಮಲ್ಲಿ ಅನೇಕರ ಮಕ್ಕಳು ಈಗ ಹರೆಯಕ್ಕೆ ಬಂದಿರುವರು. ಅವರು ಇಂಥದ್ದನ್ನು ನೋಡುತ್ತಿದ್ದರೆ ಗದರಿಸಿ ಎಬ್ಬಿಸಬೇಡಿರಿ. ಪಕ್ಕದಲ್ಲಿ ಕುಳಿತು ನೀವೂ ನೋಡಿರಿ, ಜೊತೆಗೆ ನಗಿರಿ. ಚಿತ್ರ ಮುಗಿದ ಮೇಲೆ, ಆ ಹುಡುಗಿ ತಂದೆಯ ಫೋನನ್ನು ಏಕೆ ಎತ್ತಲಿಲ್ಲವೆಂದು ಮೆಲ್ಲಗೆ ಕೇಳಿರಿ.