ಪಾದರಕ್ಷಣೆಯೂ ಅಹಿಂಸೆಯೇ

ಚೈತ್ರ ಶುದ್ಧ ತ್ರಯೋದಶಿಯ ಮಹಾವೀರ ಜಯಂತಿ ಬರುವ ಹೊತ್ತಿಗೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಬಿಸಿಲು 40 ಡಿಗ್ರಿಯ ಸಮೀಪಕ್ಕೆ ಏರಿರುತ್ತದೆ. ನಮ್ಮ ಭಾಗದ ಅಂಗಳಗಳಿಗೆ ಹಾಸುವ ಶಹಾಬಾದ ಕಲ್ಲು ನಡುಮಧ್ಯಾಹ್ನ ಹಂಚಿನಂತೆ ಕಾಯುತ್ತದೆ. ಆ ಕಲ್ಲಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಮಾಡುವುದನ್ನೂ ಡಾಂಬರು ರಸ್ತೆಯಲ್ಲಿ ಉತ್ಸವದೊಡನೆ ನಡೆಯುವುದನ್ನೂ ಪುಣ್ಯವೆಂದು ಹೊಗಳುವವರಿದ್ದಾರೆ. ಬಟ್ಟೆಯ ಕಾಲುಚೀಲ ತೊಟ್ಟ ವೃದ್ಧರನ್ನು ದ್ವಾರದಲ್ಲಿಯೇ ತಡೆಯುವ ವಿಶ್ವಸ್ತರೂ ಇದ್ದಾರೆ. ಪಾದರಕ್ಷೆಗಳನ್ನು ಹೊರಗೆ ಬಿಡಬೇಕೆಂಬುದರಲ್ಲಿ ವಿವಾದವಿಲ್ಲ. ಆದರೆ ರೋಗಿಯ ಪಾದವನ್ನು ಕಾದ ಕಲ್ಲಿಗೆ ಒಡ್ಡುವುದು ಧರ್ಮವಲ್ಲ, ಪ್ರಮಾದ.

ಮುನಿಗಳು ಬರಿಗಾಲಿನಲ್ಲಿ ವಿಹರಿಸುವುದಿಲ್ಲವೇ ಎಂಬುದು ಮೊದಲ ಆಕ್ಷೇಪ. ವಿಹರಿಸುತ್ತಾರೆ, ಆದರೆ ಅವರದು ಮಹಾವ್ರತ, ನಮ್ಮದು ಅಣುವ್ರತ. ಈರ್ಯಾಸಮಿತಿಯನ್ನು ಪಾಲಿಸಿ, ಮುಂದಿನ ನಾಲ್ಕು ಹಸ್ತ ನೆಲವನ್ನು ನೋಡುತ್ತ ನಡೆಯುವ ಮುನಿಗಳೆಲ್ಲಿ? ವರ್ಷವಿಡೀ ಗಾದಿಯ ಮೇಲೆ ಕುಳಿತು ತೊಗರಿಯ ಲೆಕ್ಕ ಬರೆದು, ಒಂದು ದಿನ ಸುಡುನೆಲದ ಮೇಲೆ ಕಾಲಿಡುವ ನಾವೆಲ್ಲಿ? ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ 'ಶಕ್ತಿತಃ' ಎಂಬ ಮಾತನ್ನು ಆಚಾರ್ಯರು ವ್ಯರ್ಥವಾಗಿ ಸೇರಿಸಿಲ್ಲ.

ಇಂದಿನ ಗೃಹಸ್ಥನ ಶಕ್ತಿ ಎಷ್ಟು? 2023ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನವು ದೇಶದಲ್ಲಿ ಸುಮಾರು 10 ಕೋಟಿ ಸಕ್ಕರೆ ರೋಗಿಗಳಿದ್ದಾರೆಂದು ಅಂದಾಜಿಸಿತು. ಈ ರೋಗ ಬಹುಕಾಲ ಹತೋಟಿ ತಪ್ಪಿದರೆ ಪಾದದ ನರಗಳು ಜಡವಾಗುತ್ತವೆ. ಕಲ್ಲು ಸುಟ್ಟದ್ದು ತಿಳಿಯುವುದಿಲ್ಲ. ಸಂಜೆ ಬೊಬ್ಬೆ ಕಂಡಾಗಲೇ ಅರಿವು. ರಕ್ತಸಂಚಾರವೂ ಕುಗ್ಗಿದ್ದರೆ ಹುಣ್ಣು ಮಾಯದೆ, ಬೆರಳನ್ನೋ ಪಾದವನ್ನೋ ಕತ್ತರಿಸುವ ಪ್ರಸಂಗ ಬರುತ್ತದೆ. ಕಾಯಕ್ಲೇಶವೆಂಬುದು ಅರಿತು ಸಹಿಸುವ ತಪಸ್ಸು. ಅರಿವಿಗೇ ಬಾರದ ನೋವು ತಪಸ್ಸಾಗುವುದೆಂತು?

ಪಾದರಕ್ಷೆಯೆಂದರೆ ಚರ್ಮ, ಚರ್ಮವೆಂದರೆ ಹಿಂಸೆ ಎಂಬುದು ಎರಡನೆಯ ಆಕ್ಷೇಪ. ಚರ್ಮ ತ್ಯಾಜ್ಯವೇ ಸರಿ. ಆದರೆ ಅದನ್ನು ತ್ಯಜಿಸಿದವರು ಗಟ್ಟಿ ಪ್ಲಾಸ್ಟಿಕ್ ಚಪ್ಪಲಿ ಮೆಟ್ಟಿ ಹಿಮ್ಮಡಿ ಒಡೆದುಕೊಳ್ಳಬೇಕೆಂದು ಯಾವ ಶಾಸ್ತ್ರ ಹೇಳಿದೆ? ವೆಲ್ಲೂರಿನಲ್ಲಿ ಡಾ. ಪಾಲ್ ಬ್ರಾಂಡ್ ಅವರು ಕುಷ್ಠರೋಗಿಗಳ ಸಂವೇದನೆಯಿಲ್ಲದ ಪಾದಗಳನ್ನು ಉಳಿಸಲು ಶ್ರಮಿಸಿದರು. ಅಂತಹ ಪಾದಗಳಿಗಾಗಿ ನಮ್ಮ ದೇಶದಲ್ಲಿ ಬಳಕೆಗೆ ಬಂದ ಎಂ.ಸಿ.ಆರ್. ಎಂಬ ಮೃದು ರಬ್ಬರಿನ ಅಟ್ಟೆಯನ್ನು ಇಂದು ಸಕ್ಕರೆ ರೋಗಿಗಳಿಗೂ ಸೂಚಿಸುತ್ತಾರೆ. ಅದಕ್ಕೆ ಬಟ್ಟೆಯ ಪಟ್ಟಿಗಳನ್ನೂ ಹಿಮ್ಮಡಿಗೊಂದು ಪಟ್ಟಿಯನ್ನೂ ಹೊಲಿಸಿದರೆ ಚರ್ಮದ ಸೋಂಕೇ ಇಲ್ಲ. ಮೆಟ್ಟುವ ಮುನ್ನ ಕೊಡವಿ ನೋಡಿದರೆ ಒಳಗೆ ಸೇರಿದ ಜೀವಿಯೂ ಉಳಿಯಿತು, ಕಾಲೂ ಉಳಿಯಿತು.

ಹಿರಿಯರ ಪದ್ಧತಿ ಎಂಬುದು ಮೂರನೆಯದು. ಹಾಗಾದರೆ ಶ್ರವಣಬೆಳಗೊಳವನ್ನು ನೋಡಿರಿ. ವಿಂಧ್ಯಗಿರಿಯ ಬುಡದಲ್ಲಿ ಪಾದರಕ್ಷೆ ಬಿಡಬೇಕು. ಆದರೆ ಕಾದ ಬಂಡೆಯನ್ನೇರಲು ಯಾತ್ರಿಕರು ಕಾಲುಚೀಲ ತೊಡುತ್ತಾರೆ, ಅಲ್ಲಿಯೇ ಅವು ಮಾರಾಟಕ್ಕೂ ಇವೆ. ಹತ್ತಲಾರದವರಿಗೆ ಡೋಲಿಯಿದೆ. ಇದರಿಂದ ಬಾಹುಬಲಿಯ ಮಹಿಮೆ ಕುಂದಿತೇ? ಬೆಟ್ಟದಿಂದ ಬೀಳುವುದನ್ನೂ ಬೆಂಕಿಗೆ ಹಾರುವುದನ್ನೂ ಧರ್ಮವೆಂದು ಬಗೆಯುವುದು ಲೋಕಮೂಢತೆಯೆಂದು ಸಮಂತಭದ್ರಾಚಾರ್ಯರು ರತ್ನಕರಂಡ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ಸುಡುಗಲ್ಲು ತುಳಿದರೆ ಪುಣ್ಯವೆಂಬುದು ಆ ಸಾಲಿಗೆ ದೂರದ್ದಲ್ಲ.

ತತ್ತ್ವಾರ್ಥಸೂತ್ರವು ಹಿಂಸೆಯ ಬೇರನ್ನು ಪ್ರಮಾದದಲ್ಲಿ ಗುರುತಿಸಿದೆ. ಕಲ್ಲು ಕಾಯುತ್ತದೆಂದು ತಿಳಿದೂ ನೆರಳು ಕಟ್ಟದ ವಿಶ್ವಸ್ತಮಂಡಲಿಯು ಆ ಪ್ರಮಾದದಿಂದ ಮುಕ್ತವೇ? ಪ್ರದಕ್ಷಿಣಾಪಥಕ್ಕೆ ತೆಂಗಿನ ನಾರಿನ ಚಾಪೆ ಹಾಸಿರಿ. ಉತ್ಸವವನ್ನು ಬಿಸಿಲೇರುವ ಮುನ್ನ ಮುಗಿಸಿರಿ. ಗರ್ಭಗೃಹದ ಹೊರಗೆ ಒಗೆದ ಹತ್ತಿಯ ಕಾಲುಚೀಲಕ್ಕೆ ಅನುಮತಿ ನೀಡಿ, ಅದನ್ನು ಬರೆದು ತೂಗುಹಾಕಿರಿ. ಬೆಳ್ಳಿಯ ಕವಚಕ್ಕೆ ಚಂದಾ ಎತ್ತಬಲ್ಲವರಿಗೆ ಚಾಪೆಯ ವೆಚ್ಚ ಭಾರವಾಗಲಾರದು.

ಮನೆಗಳಲ್ಲಿಯೂ ಕರ್ತವ್ಯವಿದೆ. ಹಿರಿಯರ ಅಂಗಾಲನ್ನು ಕಿರಿಯರು ದಿನವೂ ನೋಡಲಿ. ತೊಳೆದ ಬಳಿಕ ಬೆರಳ ಸಂದುಗಳನ್ನು ಒರೆಸಲಿ. ಆಣಿಯನ್ನು ಬ್ಲೇಡಿನಿಂದ ಕೊಯ್ಯುವ ಚಾಳಿ ನಿಲ್ಲಲಿ. ಗಾಯ ಕಂಡೊಡನೆ ವೈದ್ಯರಲ್ಲಿಗೆ ಹೋಗಲಿ. ರೋಗಿಯ ಸೇವೆಯನ್ನು ವೈಯಾವೃತ್ಯವೆಂದು ಕರೆದು ಅಂತರಂಗ ತಪಸ್ಸಿನಲ್ಲಿ ಎಣಿಸಿದ ಧರ್ಮ ನಮ್ಮದು. ತಪಸ್ಸು ಬೇಕೆನ್ನುವವರು ಅದನ್ನು ಆಚರಿಸಲಿ.