ಮಾತ್ರೆಯನ್ನು ತಾವಾಗಿಯೇ ತೊರೆಯದಿರಿ

ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆಗಳಿಂದ ಕೆಲವರಿಗೆ ತೊಡೆ, ಮೀನಖಂಡಗಳಲ್ಲಿ ನೋವು ಕಾಣಿಸುವುದುಂಟು; ರಕ್ತದ ಸಕ್ಕರೆ ತುಸು ಏರುವುದೂ ಉಂಟು. ಇದಕ್ಕಂಜಿ ನಮ್ಮಲ್ಲಿ ಅನೇಕರು ವೈದ್ಯರಿಗೆ ತಿಳಿಸದೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಇದು ತರವಲ್ಲವೆಂದೇ ನಮ್ಮ ಅಭಿಪ್ರಾಯ.

2020ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ, ಅಡ್ಡಪರಿಣಾಮಗಳಿಂದ ಸ್ಟ್ಯಾಟಿನ್ ತೊರೆದಿದ್ದ 60 ಮಂದಿ ಪಾಲ್ಗೊಂಡಿದ್ದರು. ಔಷಧಾಂಶವಿಲ್ಲದ ಹುಸಿ ಮಾತ್ರೆ ಸೇವಿಸಿದ ತಿಂಗಳುಗಳಲ್ಲಿಯೂ ಬಾಧೆಯ ಸುಮಾರು ಶೇ. 90ರಷ್ಟು ಕಾಣಿಸಿಕೊಂಡಿತು. ಹಾಗೆಂದು ನೋವನ್ನು ಕಡೆಗಣಿಸಲಾಗದು. ತೀವ್ರ ಸ್ನಾಯುನೋವಿನೊಡನೆ ಮೂತ್ರ ಕಂದುಬಣ್ಣಕ್ಕೆ ತಿರುಗುವುದು ವಿರಳ. ಆದರೆ ಮೂತ್ರಪಿಂಡಕ್ಕೆ ಅಪಾಯಕರ. ಅಂದೇ ವೈದ್ಯರನ್ನು ಕಾಣಬೇಕು.

ಉಳಿದ ಬಾಧೆಗಳಿಗೆ ಪ್ರಮಾಣ ತಗ್ಗಿಸುವ, ಮಾತ್ರೆ ಬದಲಿಸುವ ದಾರಿಗಳಿವೆ. ಹೃದಯಾಘಾತವಾದವರು, ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿ ಬಿಟ್ಟರೆ ಆಪತ್ತು ಮರಳೀತು. ನೋವನ್ನು ಮುಚ್ಚಿಡದೆ ವೈದ್ಯರಲ್ಲಿ ಹೇಳಿಕೊಳ್ಳಿರೆಂದು ಸದ್ಭಕ್ತರಲ್ಲಿ ನಮ್ಮ ವಿನಂತಿ.