ಫಲಕ ದೊಡ್ಡದು, ಫಲ ಅರ್ಧ

ಮಳೆಗಾಲದ ಮೊದಲ ಗುಡುಗಿಗೆ ಲೈನ್ ಹೋದರೆ ದಿನಗಟ್ಟಲೆ ಬಾರದ ಮಲೆನಾಡಿನ ಒಂಟಿಮನೆಗಳಿಗೆ ಸೌರದೀಪ ಹೊಸದೇನಲ್ಲ. ಹೊಸದಾಗಿರುವುದು ಫಲಕದ ಗಾತ್ರ. ಹಿಂದೆ 75 ವಾಟಿನ ಫಲಕವಿದ್ದ ಮಾಡಿನ ಮೇಲೆ ಈಗ 330 ವಾಟಿನದು ಬಂದು ಕೂರುತ್ತಿದೆ. ವಾಟಿನ ಲೆಕ್ಕದಲ್ಲಿ ಪೇಟೆಯಲ್ಲಿ ದೊಡ್ಡದೇ ಅಗ್ಗ. ಆದರೆ ಜಗಲಿಯ ಗೋಡೆಯ ಮೇಲೆ ಹಳೆಯ ಚಾರ್ಜ್ ಕಂಟ್ರೋಲರ್, ಅದರ ಕೆಳಗೆ 12 ವೋಲ್ಟಿನ ಬ್ಯಾಟರಿ ಹಾಗೆಯೇ ಉಳಿದಿರುತ್ತವೆ. ಇಂಥ ಮನೆಗಳಲ್ಲಿ ನಾಲ್ಕು ಪಟ್ಟು ದೊಡ್ಡ ಫಲಕ ಹಾಕಿದರೂ ದೊರೆಯುವ ವಿದ್ಯುತ್ತು ಎರಡು ಪಟ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ದೋಷ ಬಿಸಿಲಿನದೂ ಅಲ್ಲ, ಫಲಕದ್ದೂ ಅಲ್ಲ.

ವಿದ್ಯುತ್ ಶಕ್ತಿಯೆಂದರೆ ವೋಲ್ಟೇಜನ್ನು ಕರೆಂಟಿನಿಂದ ಗುಣಿಸಿದಾಗ ಬರುವ ಮೊತ್ತ. 72 ಕೋಶಗಳ 330 ವಾಟಿನ ಫಲಕ ತನ್ನ ಪೂರ್ಣ ಶಕ್ತಿಯನ್ನು ಕೊಡುವುದು ಸುಮಾರು 37 ವೋಲ್ಟಿನಲ್ಲಿ. ಆಗ ಹರಿಯುವ ಕರೆಂಟು 9 ಆಂಪಿಯರಿನ ಹತ್ತಿರ. ಪಿ.ಡಬ್ಲ್ಯು.ಎಂ. ಎಂದು ಕರೆಯುವ ಸಾಧಾರಣ ಕಂಟ್ರೋಲರ್, ಫಲಕವನ್ನು ನೇರವಾಗಿ ಬ್ಯಾಟರಿಗೆ ಜೋಡಿಸುತ್ತದೆ. ಬ್ಯಾಟರಿ 13 ವೋಲ್ಟಿನಲ್ಲಿದ್ದರೆ ಫಲಕವೂ ಅಲ್ಲಿಗೇ ಇಳಿಯಬೇಕು. ಕರೆಂಟು ಮಾತ್ರ ಅಷ್ಟೇ. 13ನ್ನು 9ರಿಂದ ಗುಣಿಸಿದರೆ 117 ವಾಟ್! ಕೊಂಡದ್ದರಲ್ಲಿ ಮೂರನೆಯ ಎರಡು ಪಾಲು ಬಳಕೆಗೆ ಬಾರದೆ ಮಾಡಿನ ಮೇಲೆಯೇ ಬಿಸಿಯಾಗಿ ಹೋಯಿತು. ಇಷ್ಟು ಹೆಚ್ಚಿನ ವೋಲ್ಟೇಜನ್ನು ತಾಳದ ಕಂಟ್ರೋಲರ್ ಆಗಿದ್ದರೆ ಅದೂ ಸುಟ್ಟೀತು.

ಎಂ.ಪಿ.ಪಿ.ಟಿ. ಎಂಬ ಪರಿವರ್ತಕ ಈ ನಷ್ಟವನ್ನು ತಪ್ಪಿಸುತ್ತದೆ. ಅದು ಘಾಟಿ ಏರುವ ಸೈಕಲ್ಲಿನ ಗೇರಿನ ಹಾಗೆ. ಒಳಗಿನ ಸ್ವಿಚ್ಚು ಸೆಕೆಂಡಿಗೆ ಸಾವಿರಾರು ಬಾರಿ ತೆರೆದು ಮುಚ್ಚುತ್ತದೆ. ತಂತಿಯ ಸುರುಳಿಯೊಂದು ಶಕ್ತಿಯನ್ನು ಕ್ಷಣಮಾತ್ರ ಹಿಡಿದು ಬಿಡುತ್ತದೆ. ಹೀಗೆ ವೋಲ್ಟೇಜು ಇಳಿದು ಕರೆಂಟು ಏರುತ್ತದೆ. ಜೊತೆಗೆ ಅದರ ಪುಟ್ಟ ಗಣಕವು ಫಲಕದ ವೋಲ್ಟೇಜನ್ನು ತುಸು ಸರಿಸಿ ನೋಡುತ್ತದೆ. ಶಕ್ತಿ ಹೆಚ್ಚಿತೋ, ಅದೇ ದಿಕ್ಕಿಗೆ ಇನ್ನೊಂದು ಹೆಜ್ಜೆ, ಕಡಿಮೆಯಾಯಿತೋ, ಹಿಂದಕ್ಕೆ. ಮೋಡ ಸರಿದಂತೆ, ಫಲಕ ಕಾದಂತೆ ಈ ಹುಡುಕಾಟ ನಡೆದೇ ಇರುತ್ತದೆ. ಪರಿವರ್ತಕ ತಾನು ತಿನ್ನುವುದು ಸುಮಾರು ನೂರಕ್ಕೆ ಐದು ಪಾಲು. ಉಳಿದದ್ದು ಬ್ಯಾಟರಿಗೆ, ಅಷ್ಟು ಕರೆಂಟನ್ನು ತಾಳುವ ಬ್ಯಾಟರಿಯೂ ಇರಬೇಕು, ಅದು ಬೇರೆ ಮಾತು.

ಹಾಗೆಂದು ಎಲ್ಲ ಮನೆಗೂ ದುಬಾರಿ ಪರಿವರ್ತಕ ಬೇಕೆಂದಲ್ಲ. 36 ಕೋಶಗಳ ಸಣ್ಣ ಫಲಕ 12 ವೋಲ್ಟಿನ ಬ್ಯಾಟರಿಗೆಂದೇ ಹುಟ್ಟಿದ್ದು. ಅದರ ಗರಿಷ್ಠ ಶಕ್ತಿ 18 ವೋಲ್ಟಿನ ಆಸುಪಾಸಿನಲ್ಲಿದ್ದು, ಫಲಕ ಕಾದಾಗ ಇನ್ನೂ ಕೆಳಗಿಳಿಯುತ್ತದೆ. ಎರಡು ದೀಪ, ಒಂದು ಮೊಬೈಲಿನ ಮನೆಗೆ ಹಳೆಯ ಕಂಟ್ರೋಲರೇ ಸಾಕು. ಅಲ್ಲಿಯೂ ಹೊಸದನ್ನು ಮಾರುವವರು ಗ್ರಾಹಕನ ಹಿತ ನೋಡುತ್ತಿಲ್ಲ.

ಇನ್ನು ನೆರಳಿನ ವಿಚಾರ. ಪಾವಗಡದ 2,050 ಮೆಗಾವಾಟ್ ಸೌರ ಉದ್ಯಾನದಲ್ಲಿ ಕಣ್ಣು ಹಾಯುವಷ್ಟು ಬಯಲು. ಮಲೆನಾಡಿನ ಮಾಡಿನ ಮೇಲೆ ಬೆಳಿಗ್ಗೆ ಹಲಸಿನ ನೆರಳು, ಸಂಜೆ ಗುಡ್ಡದ ನೆರಳು. ದೊಡ್ಡ ಫಲಕವೊಂದರಲ್ಲಿ ಕೋಶಗಳು ಸಾಮಾನ್ಯವಾಗಿ ಮೂರು ಗುಂಪುಗಳಾಗಿರುತ್ತವೆ. ಅಡಿಕೆ ಸೋಗೆಯೊಂದರ ನೆರಳು ಒಂದೇ ಕೋಶವನ್ನು ಪೂರಾ ಮುಚ್ಚಿದರೂ ಆ ಗುಂಪು ಮುಷ್ಕರ ಹೂಡುತ್ತದೆ. ಡಯೋಡು ಅದನ್ನು ಬದಿಗೆ ಸರಿಸಿ ಉಳಿದೆರಡನ್ನು ನಡೆಸುತ್ತದೆ. ಆಗ ಶಕ್ತಿಯ ಶಿಖರ ಒಂದಲ್ಲ, ಎರಡು ಮೂರು. ಹೆಜ್ಜೆ ಹೆಜ್ಜೆಯಾಗಿ ಹುಡುಕುವ ಸರಳ ಪರಿವರ್ತಕ ಸಣ್ಣ ಶಿಖರವನ್ನೇರಿ ಅಲ್ಲಿಯೇ ತೃಪ್ತವಾಗುವುದುಂಟು. ಹತ್ತು ಫಲಕಗಳನ್ನು ಸರಪಣಿಯಾಗಿ ಒಂದೇ ಇನ್ವರ್ಟರಿಗೆ ಜೋಡಿಸುವ ಬಯಲುಸೀಮೆಯ ಪದ್ಧತಿ ಇಲ್ಲಿಗೆ ಒಗ್ಗದು. ಪ್ರತಿ ಫಲಕಕ್ಕೂ ತನ್ನದೇ ಪುಟ್ಟ ಪರಿವರ್ತಕವಿರುವ ಮೈಕ್ರೋ ಇನ್ವರ್ಟರ್ ವ್ಯವಸ್ಥೆ ದುಬಾರಿಯಾದರೂ, ನೆರಳು ತಪ್ಪದ ಮನೆಗೆ ಅದೇ ಯೋಗ್ಯ.

ಆದರೆ 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯ ಸಹಾಯಧನ ಅಳೆಯುವುದು ಕಿಲೋವಾಟನ್ನು. ಮೊದಲ ಎರಡು ಕಿಲೋವಾಟಿಗೆ ತಲಾ 30,000 ರೂಪಾಯಿ, ಮೂರು ಮತ್ತು ಮೇಲ್ಪಟ್ಟದ್ದಕ್ಕೆ ಒಟ್ಟು 78,000. ಎಷ್ಟು ಯೂನಿಟ್ ಉತ್ಪಾದನೆಯಾಯಿತು ಎಂಬ ಪ್ರಶ್ನೆ ಸಹಾಯಧನದ ಲೆಕ್ಕದಲ್ಲಿಲ್ಲ. ಬಯಲಿನ ಊರಿಗೂ ಬೆಟ್ಟದ ಮನೆಗೂ ಒಂದೇ ಅಳತೆಗೋಲು. ಇದರ ಪರಿಣಾಮ ಕೊನೆಗೆ ಮರದ ಮೇಲೆ. ಉತ್ಪಾದನೆ ಸಾಲದೆಂದಾಗ ಮೊದಲು ಏಳುವ ಸಲಹೆಯೇ ಆ ಹಲಸನ್ನು ತೆಗೆಸಿ ಎಂಬುದು. ಐವತ್ತು ವರ್ಷದ ಮರಕ್ಕೆ ಕೊಡಲಿ ಹಾಕುವ ಮುನ್ನ ಫಲಕದ ಸ್ಥಾನವನ್ನೇಕೆ ಬದಲಿಸಬಾರದು? ಅಡಿಕೆ ಹರವುವ ಅಟ್ಟದ ಮೇಲೆ ಯಾವ ತಿಂಗಳಲ್ಲಿ ಎಷ್ಟು ಹೊತ್ತು ಬಿಸಿಲು ನಿಲ್ಲುತ್ತದೆಂಬುದನ್ನು ಮನೆಯ ಹಿರಿಯರು ಬಲ್ಲರು. ಅವರನ್ನು ಕೇಳದೆಯೇ ಫಲಕ ಕೂರಿಸುವುದು ರೂಢಿಯಾಗಿದೆ.

ಆಷಾಢದ ಕತ್ತಲಲ್ಲಿ ಯಾವ ಪರಿವರ್ತಕವೂ ಬಿಸಿಲನ್ನು ಸೃಷ್ಟಿಸಲಾರದು; ಆಗ ಹಿತ್ತಲ ಹಳ್ಳದ ನೀರೇ ಗತಿ. ಉಳಿದ ತಿಂಗಳುಗಳಲ್ಲಿ ಮನೆಯವರು ಒಂದು ಪರೀಕ್ಷೆ ಮಾಡಿಕೊಳ್ಳಬಹುದು. ಬ್ಯಾಟರಿ ಅರ್ಧ ಖಾಲಿಯಿರುವ ದಿನ, ನಡುಮಧ್ಯಾಹ್ನದ ಸ್ವಚ್ಛ ಬಿಸಿಲಿನಲ್ಲಿ, ಡಿ.ಸಿ. ಅಳೆಯುವ ಕ್ಲಾಂಪ್ ಮೀಟರನ್ನು ಬ್ಯಾಟರಿಗೆ ಹೋಗುವ ತಂತಿಗೆ ಹಿಡಿಯಬೇಕು. 330 ವಾಟಿನ ಫಲಕದಿಂದ 20 ಆಂಪಿಯರಿನಷ್ಟು ಬರುತ್ತಿದ್ದರೆ ವ್ಯವಸ್ಥೆ ಸರಿಯಿದೆ. ಎಂಟೋ ಒಂಬತ್ತೋ ತೋರಿಸಿದರೆ, ಮಾರಿದವರನ್ನು ಮೀಟರಿನ ಮುಂದೆ ಕರೆದು ನಿಲ್ಲಿಸಬೇಕು.